ಕಲಬುರಗಿ ಬಿಸಿಲಿಗೆ ಮೊದಲು ಇಂಟರ್‌ಕೂಲರ್, ಆಮೇಲೆ ಟ್ಯೂನ್

ಸ್ಕೋಡಾದ ಟರ್ಬೊ ಕಾರು ಆಕ್ಟೇವಿಯಾ ಆರ್‌ಎಸ್ 230 ಇಟ್ಟುಕೊಂಡವರಿಗೆ ಎಲ್ಲರೂ ಹೇಳೋದು ಒಂದೇ, ಮೊದಲು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನ್ ಮಾಡಿಸು, ಅಂದ್ರೆ ಅದರ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸು ಅಂತ. ನನ್ನ ಪ್ಲಾನ್ ಉಲ್ಟಾ, ಮೊದಲು ಎಂಜಿನ್‌ಗೆ ಹೋಗುವ ಗಾಳಿ ತಣಿಸುವ ಇಂಟರ್‌ಕೂಲರ್. ಬೆಂಗಳೂರಿನ ತಂಪಿಗೆ ಅವರ ಮಾತು ಸರಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಗೆ ಅಲ್ಲ.

ಎಂಜಿನ್‌ಗೆ ಹೆಚ್ಚು ಗಾಳಿ ತುಂಬಲು ಟರ್ಬೊ ಅದನ್ನು ಒತ್ತಿದಷ್ಟೂ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿಕೊಂಡು ಎಂಜಿನ್ ಬಡಿಯುವುದು) ಭಯ ಜಾಸ್ತಿ. ಆಗ ಇಸಿಯು ತಾನೇ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದ್ರೆ ಕಿಡಿ ತಡವಾಗಿ ಹಾರಿಸುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಪವರ್ ಅಲ್ಲೇ ಮಾಯ! ಒಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರ್ ಲೆಕ್ಕ ತೋರಿಸುವ ಸಾಧನ) ಹಾಕಿಕೊಂಡು ಮಧ್ಯಾಹ್ನ ರಿಂಗ್ ರೋಡ್ ಸಿಗ್ನಲ್‌ನಲ್ಲಿ ಸುಮ್ನೆ ನಿಂತು ನೋಡಿ. ಇನ್‌ಟೇಕ್ ಗಾಳಿಯ ಬಿಸಿ ಕಣ್ಣೆದುರೇ ಏರುತ್ತದೆ. ಅದಕ್ಕೇ ದೊಡ್ಡ ಇಂಟರ್‌ಕೂಲರ್ ಮೊದಲು.

ಜೊತೆಗೆ ಹೊಸ ಸ್ಪಾರ್ಕ್ ಪ್ಲಗ್, ಕಿಡಿ ಹಾರುವ ಗ್ಯಾಪ್ ಸ್ವಲ್ಪ ಕಿರಿದು ಮಾಡಿ. ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಏರಿದಾಗ ಅಗಲ ಗ್ಯಾಪಿನಲ್ಲಿ ಕಿಡಿ ಆರಿ ಹೋಗುತ್ತದೆ. ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಆಯಿಲ್, ಬ್ರೇಕ್ ಪ್ಯಾಡ್ ಕೂಡ ಅದೇ ಸಲ ಹೊಸದು.

ಕೋನ್ ಫಿಲ್ಟರ್ (ಕಂಪನಿ ಡಬ್ಬಿ ತೆಗೆದು ಹಾಕುವ ತೆರೆದ ಏರ್ ಫಿಲ್ಟರ್) ಮಾತ್ರ ಬೇಡ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ ಹಿಂದೆ ಹೋಗಿ ಬಂದು ಬಾನೆಟ್ ಮೇಲೆ ಬೆರಳಾಡಿಸಿ, ಧೂಳು ಎಷ್ಟು ಅಂತ ಗೊತ್ತಾಗುತ್ತದೆ. ಆ ಫಿಲ್ಟರಿನ ಬುಸ್ಸೆನ್ನುವ ಸದ್ದು ನನಗೂ ಇಷ್ಟ, ಆದ್ರೆ ಧೂಳು ತಿನ್ನೋದು ಟರ್ಬೊ ಅಲ್ವಾ?

ಟ್ಯೂನ್ ಕೊನೆಗೆ. ಕಂಪನಿಯಿಂದಲೇ 230 ಪಿಎಸ್ ಪವರ್ ಇದೆ, ಅವಸರವೇನೂ ಇಲ್ಲ. ನಾಕಿಂಗ್ ತಡೆಯುವ 95 ಆಕ್ಟೇನ್ ಪೆಟ್ರೋಲ್ ಎಲ್ಲಾ ಬಂಕಲ್ಲೂ ಸಿಗಲ್ಲ, ಹಾಗಾಗಿ ಮ್ಯಾಪ್ (ಟ್ಯೂನ್‌ನ ಸೆಟ್ಟಿಂಗ್) ಮೆತ್ತಗೇ ಬರೆಸುತ್ತೇನೆ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೊಯ್ಯುವ ಪೈಪ್) ಬದಲಿಸೋದು ಪಟ್ಟಿಯಲ್ಲೇ ಇಲ್ಲ. ಅದರಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕಿ ಎಮಿಷನ್ ಟೆಸ್ಟ್, ಇನ್ಶೂರೆನ್ಸ್ ಅಂತ ಓಡಾಡೋ ಉಸಾಬರಿ ನನಗೆ ಬೇಡ.