ಐಸ್ ಕಾಫಿಗೆ ಮಷೀನ್ ಬೇಡ, ಐಸಿನ ಲೆಕ್ಕ ಗೊತ್ತಿದ್ದರೆ ಸಾಕು

ಮನೆಯಲ್ಲಿ ಮಾಡಿದ ಐಸ್ ಕಾಫಿ ನೀರು ನೀರಾಗುತ್ತದೆ ಅನ್ನುವವರೇ ಜಾಸ್ತಿ. ಪುಡಿ ಸರಿಯಿಲ್ಲ, ಮಷೀನ್ ಇಲ್ಲ ಅಂತ ಕಾರಣ ಕೊಡುತ್ತಾರೆ. ಪುಡಿಯ ತಪ್ಪೇನೂ ಇಲ್ಲ. ಬಿಸಿ ಕಾಫಿಗೆ ಎಷ್ಟು ನೀರು ಇಡುತ್ತೇವೋ ಅಷ್ಟೇ ನೀರಿಟ್ಟು ಕಾಫಿ ಮಾಡಿ, ಅದರ ಮೇಲೆ ಐಸ್ ಬೇರೆ ಸುರಿಯುತ್ತೇವೆ. ಐಸ್ ಅಂದರೆ ನೀರೇ ಅಲ್ವಾ? ಕರಗಿದ ಮೇಲೂ ಅದು ಲೋಟದಲ್ಲೇ ಇರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. 1 ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು (ಇದು ಫಿಸಿಕ್ಸ್ ಪಾಠದ ಕ್ಯಾಲೊರಿ, ತಿಂಡಿ ಪ್ಯಾಕೆಟ್ಟಿನ ಮೇಲೆ ಬರೆದಿರುವುದು ಇದರ ಸಾವಿರ ಪಟ್ಟು ದೊಡ್ಡದು). ಆ ಶಾಖವನ್ನು ಐಸ್ ಕಾಫಿಯಿಂದಲೇ ಎಳೆದುಕೊಳ್ಳುತ್ತದೆ. 80 ಡಿಗ್ರಿ ಬಿಸಿಯಿರುವ 150 ಎಂಎಲ್ ಕಾಫಿ 5 ಡಿಗ್ರಿಗೆ ಇಳಿಯಬೇಕಾದರೆ ಸುಮಾರು 130 ಗ್ರಾಂ ಐಸ್ ಪೂರ್ತಿ ಕರಗಬೇಕು. ಹೆಚ್ಚುಕಮ್ಮಿ ಕಾಫಿಯಷ್ಟೇ ನೀರು ಮತ್ತೆ ಸೇರಿಕೊಂಡಂತಾಯಿತು. ಹಾಗಾಗಿ ಕಾಫಿಯನ್ನು ಮೊದಲೇ ಎರಡರಷ್ಟು ಗಟ್ಟಿಯಾಗಿ ಮಾಡಿಕೊಳ್ಳಬೇಕು. ನನ್ನ ಪ್ರಕಾರ ಐಸ್ ಕಾಫಿಯ ಗುಟ್ಟು ಇಷ್ಟೇ.

ಒಂದು ದೊಡ್ಡ ಲೋಟಕ್ಕೆ 20 ಗ್ರಾಂ ಪುಡಿ ಬೇಕು, ಅಂದರೆ ದೊಡ್ಡ ಚಮಚದಲ್ಲಿ ಸಮಮಟ್ಟವಾಗಿ ಸುಮಾರು ನಾಲ್ಕು. 200 ಎಂಎಲ್ ನೀರು ಕುದಿಸಿ, ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಪುಡಿ ಹಾಕಿ ಕಲಸಿ ಮುಚ್ಚಿಡಿ. ನಾಲ್ಕು ನಿಮಿಷ ಸಾಕು. ಪುಡಿಯನ್ನು ನೀರಿನ ಜೊತೆ ಕುದಿಸಬೇಡಿ, ಕಹಿಯೂ ಒಗರೂ ಒಟ್ಟಿಗೆ ಇಳಿದುಬಿಡುತ್ತವೆ, ತಣ್ಣಗಾದಾಗ ಆ ಒಗರು ನಾಲಿಗೆಗೆ ಅಂಟಿಕೊಂಡ ಹಾಗೆ ಉಳಿಯುತ್ತದೆ. ನಾಲ್ಕು ನಿಮಿಷ ಆದ ಮೇಲೆ ಮೇಲಿನ ಪದರವನ್ನು ಚಮಚದಿಂದ ಒಮ್ಮೆ ಮೆಲ್ಲಗೆ ಕದಡಿದರೆ ತೇಲುತ್ತಿರುವ ಪುಡಿ ಕೆಳಗಿಳಿಯುತ್ತದೆ. ಆಮೇಲೆ ಟೀ ಸೋಸುವ ಜಾಲರಿಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಸೋಸಿ. ಬಟ್ಟೆಯನ್ನು ಮೊದಲು ಬಿಸಿನೀರಲ್ಲಿ ಚೆನ್ನಾಗಿ ತೊಳೆದಿರಬೇಕು, ಇಲ್ಲದಿದ್ದರೆ ಸೋಪಿನ ವಾಸನೆ ಕಾಫಿಗೆ ಬರುತ್ತದೆ. ಚರಟ ತನ್ನ ತೂಕದ ಎರಡರಷ್ಟು ನೀರನ್ನು ಹೀರಿಕೊಂಡಿರುತ್ತದೆ, ಆದ್ದರಿಂದ ಕೈಗೆ ಸಿಗುವುದು 150-160 ಎಂಎಲ್. ಬಟ್ಟೆಯನ್ನು ಹಿಂಡಬೇಡಿ. ಹಿಂಡಿದರೆ ಗಸಿಯೆಲ್ಲ ಕೆಳಗೆ ಬರುತ್ತದೆ.

ಈಗ ಐಸ್. ಒಂದು ಸ್ಟೀಲ್ ಪಾತ್ರೆಯಲ್ಲಿ 130 ಗ್ರಾಂ ಐಸ್ ಇಟ್ಟುಕೊಂಡು ಅದರ ಮೇಲೇ ಬಿಸಿ ಕಾಫಿ ಸೋಸಿ. ಐಸ್ ಚಟಚಟ ಸದ್ದು ಮಾಡುತ್ತಾ ಬಿರುಕು ಬಿಡುತ್ತದೆ, ಪಾತ್ರೆಯ ಹೊರಗೆಲ್ಲ ಬೆವರು ಕಟ್ಟುತ್ತದೆ, ಒಂದು ನಿಮಿಷ ಕಲಸುವಷ್ಟರಲ್ಲಿ ಕಾಫಿ ಕೊರೆಯುವಷ್ಟು ತಣ್ಣಗಾಗಿರುತ್ತದೆ. ಈ ಕೆಲಸ ಗಾಜಿನ ಲೋಟದಲ್ಲಿ ಬೇಡವೇ ಬೇಡ, ಒಮ್ಮೆಗೇ ಬಿಸಿ ತಗುಲಿ ಗಾಜು ಸೀಳಬಹುದು. ತಣ್ಣಗಾದ ಕಾಫಿಯನ್ನು ಹೊಸ ಐಸ್ ತುಂಬಿದ ಲೋಟಕ್ಕೆ ಬಗ್ಗಿಸಿ. ಕಾಫಿ ಆಗಲೇ ತಣ್ಣಗಿರುವುದರಿಂದ ಈ ಎರಡನೇ ಐಸ್ ನಿಧಾನವಾಗಿ ಕರಗುತ್ತದೆ, ಕೊನೆಯ ಗುಟುಕಿನವರೆಗೂ ರುಚಿ ನಿಲ್ಲುತ್ತದೆ.

ಬಿಸಿ ಕಾಫಿಯನ್ನು ಹಾಗೇ ಆರಲು ಬಿಟ್ಟು ಆಮೇಲೆ ಫ್ರಿಜ್ಜಿಗೆ ಇಟ್ಟರಾಗದಾ ಅಂತ ಕೇಳಬಹುದು. ಆಗುತ್ತದೆ, ಆದರೆ ನನಗೆ ಇಷ್ಟವಿಲ್ಲ. ಆರುವ ಅಷ್ಟೂ ಹೊತ್ತು ಘಮ ಆವಿಯ ಜೊತೆ ಹೋಗುತ್ತಾ ಇರುತ್ತದೆ. ಬಿಸಿಯಲ್ಲೇ ನಿಂತ ಕಾಫಿಯಲ್ಲಿ ಕ್ವಿನಿಕ್ ಆಸಿಡ್ ಕೂಡ ಹೆಚ್ಚುತ್ತದೆ, ಫ್ಲಾಸ್ಕಿನಲ್ಲಿ ತುಂಬಾ ಹೊತ್ತು ಇಟ್ಟ ಕಾಫಿಗೆ ಬರುವ ಆ ಹುಳಿಗೆ ಅದೂ ಒಂದು ಕಾರಣ. ಐಸಿನ ಮೇಲೆ ಒಮ್ಮೆಗೇ ತಣಿಸಿದರೆ ಘಮ ಒಳಗೇ ಉಳಿಯುತ್ತದೆ.

ಐಸಿನ ವಾಸನೆಯನ್ನೂ ನೋಡಿಕೊಳ್ಳಿ. ಮುಚ್ಚಳವಿಲ್ಲದ ಟ್ರೇಯಲ್ಲಿ ವಾರಗಟ್ಟಲೆ ಕೂತ ಐಸ್ ಫ್ರಿಜ್ಜಿನಲ್ಲಿರುವ ಎಲ್ಲದರ ವಾಸನೆ ಹಿಡಿದಿರುತ್ತದೆ. ಬಿಸಿ ಕಾಫಿ ಬಿದ್ದ ಕೂಡಲೇ ಅದು ಹೊರಗೆ ಬರುತ್ತದೆ. ಒಂದು ಕ್ಯೂಬ್ ಬಾಯಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಸಕ್ಕರೆಯನ್ನು ಐಸ್ ಹಾಕುವ ಮೊದಲೇ, ಕಾಫಿ ಬಿಸಿ ಇರುವಾಗಲೇ ಕರಗಿಸಿ. ತಣ್ಣಗಾದ ಮೇಲೆ ಹಾಕಿದರೂ ಕರಗುತ್ತದೆ, ಆದರೆ ತುಂಬಾ ನಿಧಾನ, ಅಷ್ಟರಲ್ಲಿ ಲೋಟ ಖಾಲಿಯಾಗಿ ಸಕ್ಕರೆಯೆಲ್ಲ ತಳದಲ್ಲೇ ಉಳಿದಿರುತ್ತದೆ. ಬಿಸಿ ಇರುವಾಗ ರುಚಿ ನೋಡಿದರೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುವಷ್ಟು ಸಿಹಿ ಇರಲಿ, ಯಾಕಂದ್ರೆ ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಮ್ಮಿ ತಿಳಿಯುತ್ತದೆ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಳತೆ ಬೇಕಿದ್ದರೆ ಸಮಸಮ ಸಕ್ಕರೆ, ನೀರು ಸೇರಿಸಿ ಕುದಿಸಿದ ಪಾಕವನ್ನು ಬಾಟಲಿಯಲ್ಲಿ ಇಟ್ಟುಕೊಳ್ಳಿ. ಹಾಲು ಹಾಕುವವರು ಹಾಲನ್ನೂ ನೀರಿನ ಲೆಕ್ಕಕ್ಕೇ ಸೇರಿಸಬೇಕು: 50 ಎಂಎಲ್ ಹಾಲು ಹಾಕುವುದಾದರೆ ಡಿಕಾಕ್ಷನ್‌ಗೆ ಇಟ್ಟ ನೀರಲ್ಲಿ ಅಷ್ಟು ಕಡಿಮೆ ಮಾಡಿ. ಹಾಲು ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರಲಿ.

ಕೋಲ್ಡ್ ಬ್ರೂ ಮಾಡುವುದು ಇನ್ನೂ ಸುಲಭ, ಆದರೆ ಕಾಯಬೇಕು. ತರಿತರಿಯಾಗಿ ಪುಡಿ ಮಾಡಿದ ಕಾಫಿ 50 ಗ್ರಾಂ, ತಣ್ಣೀರು 400 ಎಂಎಲ್, ಮುಚ್ಚಳವಿರುವ ಡಬ್ಬಿ. ಫ್ರಿಜ್ಜಿನಲ್ಲಿ 12ರಿಂದ 16 ಗಂಟೆ ಇಟ್ಟು, ಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಮುಗಿಯಿತು. ನುಣ್ಣಗಿನ ಪುಡಿಯಾದರೆ ಸೋಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹುಳಿ ಕಮ್ಮಿ, ಕಹಿ ಕಮ್ಮಿ, ಮೂರ್ನಾಲ್ಕು ದಿನ ಫ್ರಿಜ್ಜಿನಲ್ಲಿ ಚೆನ್ನಾಗಿಯೇ ಇರುತ್ತದೆ, ಹಾಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಹಾಲು ಹಾಕದೆ ಕುಡಿಯುವುದಾದರೆ ಮಾತ್ರ ನನ್ನ ಓಟು ಐಸಿನ ಮೇಲೆ ಸೋಸಿದ ಬಿಸಿ ಕಾಫಿಗೇ. ಬಿಸಿನೀರು ಎಳೆದು ತರುವ ಘಮವನ್ನು ತಣ್ಣೀರು ತರಲಾರದು.

ಇನ್‌ಸ್ಟಂಟ್ ಪುಡಿ ಬಿಟ್ಟರೆ ಮನೆಯಲ್ಲಿ ಬೇರೇನೂ ಇಲ್ಲದಿದ್ದರೂ ಬೇಜಾರಾಗಬೇಡಿ. ಗ್ರೀಸ್‌ನ ಫ್ರಾಪೆ, ಅಂದರೆ ನೊರೆ ನೊರೆಯಾದ ಐಸ್ ಕಾಫಿ, ಹುಟ್ಟಿದ್ದೇ ಹಾಗೆ. 1957ರಲ್ಲಿ ಥೆಸಲೋನಿಕಿಯ ವ್ಯಾಪಾರ ಮೇಳದಲ್ಲಿ ಕಾಫಿ ಕುಡಿಯಬೇಕೆನಿಸಿದವರೊಬ್ಬರಿಗೆ ಬಿಸಿನೀರು ಸಿಗಲಿಲ್ಲ, ಇನ್‌ಸ್ಟಂಟ್ ಪುಡಿಯನ್ನು ತಣ್ಣೀರಿನ ಜೊತೆ ಶೇಕರ್‌ನಲ್ಲಿ ಹಾಕಿ ಕುಲುಕಿಬಿಟ್ಟರು. ನಮಗೆ ಶೇಕರ್ ಬೇಡ, ಮುಚ್ಚಳ ಗಟ್ಟಿಯಾಗಿ ಕೂರುವ ಯಾವ ಬಾಟಲಿಯಾದರೂ ಸರಿ. ಎರಡು ಸಣ್ಣ ಚಮಚ ಪುಡಿ, ಸಕ್ಕರೆ, ಮೂರು ದೊಡ್ಡ ಚಮಚ ತಣ್ಣೀರು ಹಾಕಿ ಅರ್ಧ ನಿಮಿಷ ಜೋರಾಗಿ ಕುಲುಕಿದರೆ ದಪ್ಪ ನೊರೆ ಏಳುತ್ತದೆ. ಇನ್‌ಸ್ಟಂಟ್ ಪುಡಿಯಲ್ಲಿ ಎಣ್ಣೆಯಂಶ ಇಲ್ಲವೆನ್ನುವಷ್ಟು ಕಮ್ಮಿ, ಅದಕ್ಕೇ ಆ ನೊರೆ ಬೇಗ ಒಡೆಯುವುದಿಲ್ಲ. ಆಮೇಲೆ ಐಸ್ ಮತ್ತು ತಣ್ಣೀರು ಅಥವಾ ಹಾಲು. ಬಿಸಿ ಕಾಫಿಯನ್ನು ಮಾತ್ರ ಮುಚ್ಚಿದ ಬಾಟಲಿಯಲ್ಲಿ ಕುಲುಕಬೇಡಿ, ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ ಸುಡಬಹುದು.

ಡಿಕಾಕ್ಷನ್ ಮಿಕ್ಕಿದರೆ ಐಸ್ ಟ್ರೇಗೆ ಸುರಿದು ಫ್ರೀಜರ್‌ಗೆ ಇಡಿ. ಮರುದಿನದ ಲೋಟಕ್ಕೆ ಆ ಎರಡನೇ ಐಸಿನ ಬದಲು ಇದನ್ನೇ ಹಾಕಿದರೆ, ಕರಗಿದಷ್ಟೂ ಕಾಫಿಯೇ ಸೇರುತ್ತದೆ. ಟ್ರೇ ಮೇಲೆ ಮುಚ್ಚಳ ಇರಲಿ.