ಓಡದ ಇಲಿಗಳ ಲೆಕ್ಕ

15 ಮಾರ್ಚ್ 2024, ಶುಕ್ರವಾರ, ರಾತ್ರಿ

ನಮ್ಮ ವ್ಯಾಯಾಮ ಪ್ರಯೋಗದ ಇಲಿಗಳ ಎಂಟನೇ ವಾರದ ಕೊನೆಯ ಓಟ ಇವತ್ತು ಮುಗಿಯಿತು. ಟ್ರೆಡ್‌ಮಿಲ್ ನಿಂತು ಹೊತ್ತಾದರೂ ಅದರ ಗುಂಯ್ ಸದ್ದು ಇನ್ನೂ ಕಿವಿಯಲ್ಲಿದೆ. ವಾರಕ್ಕೆ ಐದು ದಿನ, ದಿನಕ್ಕೊಂದು ತಾಸು. ಮೊದಲ ವಾರ ಹತ್ತು ನಿಮಿಷ ಓಡಿಸುವುದರಲ್ಲೇ ಸಾಕುಸಾಕಾಗಿತ್ತು. ಈಗ ಬಾಗಿಲು ತೆಗೆದರೆ ಸಾಕು, ತಾವೇ ಬೆಲ್ಟಿಗೆ ಇಳಿಯುತ್ತವೆ. ಏಳನೇ ನಂಬರಿನವನು ಮಾತ್ರ ಕೊನೆಯವರೆಗೂ ಬಗ್ಗಲಿಲ್ಲ. ಹಾಯಾಗಿ ಹಿಂದಕ್ಕೆ ಜಾರುತ್ತಾ ಬರುತ್ತಾನೆ, ಬೆಲ್ಟಿನ ಹಿಂದೆ ಸಣ್ಣಗೆ ವಿದ್ಯುತ್ ಶಾಕ್ ಕೊಡುವ ಗ್ರಿಡ್‌ಗೆ ಬಾಲ ತಾಕುವಷ್ಟರಲ್ಲಿ ಒಂದೇ ನೆಗೆತಕ್ಕೆ ಮುಂದೆ. ಕಳ್ಳ.

ಗ್ರಿಡ್ ಬಳಸಲು ನನಗೆ ಮೊದಲಿನಿಂದಲೂ ಹಿಂಜರಿಕೆ. ಪಾಪ ಅನ್ನಿಸುವುದು ಒಂದು ಕಡೆ. ಇನ್ನೊಂದು ಕಡೆ, ಹೆದರಿ ಓಡುವ ಇಲಿಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಕೋಸ್ಟೆರೋನ್ ಏರುತ್ತದೆ, ದಿನವೂ ಹೀಗಾದರೆ ಅದನ್ನು ಸ್ರವಿಸುವ ಅಡ್ರಿನಲ್ ಗ್ರಂಥಿಯೇ ಊದಬಹುದು. ಆಮೇಲೆ ಅಳೆದದ್ದು ವ್ಯಾಯಾಮವನ್ನೋ ಭಯವನ್ನೋ? ಹಾಗಾಗಿ ಹೆಚ್ಚಿನ ದಿನ ಮೆತ್ತನೆಯ ಬ್ರಷ್‌ನಲ್ಲೇ ಕೆಲಸ ಸಾಗಿಸಿದೆ. ಕೋಣೆಯ ಹಗಲು ರಾತ್ರಿಯನ್ನೂ ಅದಲುಬದಲು ಮಾಡಿದ್ದೆವು. ನಿಶಾಚರಿಗಳನ್ನು ನಡುಹಗಲಲ್ಲಿ ಓಡಿಸುವುದೆಂದರೆ ನಮ್ಮನ್ನು ರಾತ್ರಿ ಎರಡಕ್ಕೆ ಎಬ್ಬಿಸಿ ಮೈದಾನ ಸುತ್ತಿಸಿದಂತೆ.

ಇವತ್ತು ತಲೆ ಕೊರೆದದ್ದು ಓಡಿದವಲ್ಲ, ಓಡದವು. 1967ರಲ್ಲಿ ವ್ಯಾಯಾಮ ಸಂಶೋಧಕ ಜಾನ್ ಹೊಲೊಸ್ಜಿ ಇಲಿಗಳನ್ನು 12 ವಾರ ಓಡಿಸಿ ನೋಡಿದರು. ಸ್ನಾಯುಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಉಸಿರಾಟದ ಕಿಣ್ವಗಳು ಸುಮಾರು ಇಮ್ಮಡಿಯಾಗಿದ್ದವು. ತಾಳಿಕೆಯೆಂದರೆ ಹೃದಯ ಮತ್ತು ರಕ್ತದ ಹರಿವು ಮಾತ್ರವಲ್ಲ, ಸ್ನಾಯು ಒಳಗೊಳಗೇ ಬದಲಾಗುತ್ತದೆ ಎಂದು ತೋರಿಸಿದ ಕೆಲಸ ಅದು. ಪಳಗಿದ ಇಲಿಗಳು ಸುಸ್ತಾಗಿ ಬೀಳುವ ಮುನ್ನ ಸರಾಸರಿ 186 ನಿಮಿಷ ಓಡಿದವು, ಉಳಿದವು 29. ಯಾವಾಗಲೂ ಆ 186ನ್ನೇ ಬಾಯಿ ತೆರೆದು ನೋಡುತ್ತಿದ್ದೆ. ಇವತ್ತು ಕಣ್ಣು 29ರ ಮೇಲೆ ನಿಂತಿತು. ಯಾರು ಈ ಇಲಿ? ಹುಟ್ಟಿದಂದಿನಿಂದ ಅಂಗೈಯಗಲದ ಪೆಟ್ಟಿಗೆಯಲ್ಲಿ, ಮೂತಿಯೆತ್ತಿದರೆ ಸಿಗುವ ಆಹಾರದ ಕೆಳಗೆ ಕೂತು ಬೆಳೆದದ್ದು. ಹೋಲಿಕೆಗಾಗಿ ಇಟ್ಟ ಅದನ್ನು ನಾವು ‘ಕಂಟ್ರೋಲ್’ ಅನ್ನುತ್ತೇವೆ, ಸಹಜಸ್ಥಿತಿ ಅನ್ನುವ ಹಾಗೆ.

ಪಂಜರದಲ್ಲಿ ಚಕ್ರ ಇಟ್ಟರೆ ಸುಂಡಿಲಿ ಯಾರ ಬಲವಂತವೂ ಇಲ್ಲದೆ ರಾತ್ರಿಗೆ ಹಲವು ಕಿಲೋಮೀಟರ್ ಓಡುತ್ತದೆ. ಪಂಜರದ ಬೇಸರಕ್ಕೆ ಓಡುತ್ತವೆ ಅನ್ನೋಣವೆಂದರೆ, ನೆದರ್ಲೆಂಡ್ಸ್‌ನಲ್ಲಿ ಬಯಲಲ್ಲಿ ಚಕ್ರ ಇಟ್ಟಾಗ ಕಾಡು ಸುಂಡಿಲಿಗಳೂ ಬಂದು ಓಡಿದವು. 2014ರಲ್ಲಿ ಪ್ರಕಟವಾದ ಕೆಲಸ. (ಕಪ್ಪೆಗಳೂ ಹತ್ತಿದ್ದವಂತೆ!) ಚಕ್ರ ಕೊಟ್ಟ ಸುಂಡಿಲಿಗಳ ಮಿದುಳಿನ ನೆನಪಿನ ಭಾಗವಾದ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚು ಹುಟ್ಟುತ್ತವೆ ಎಂಬ 1999ರ ಪ್ರಸಿದ್ಧ ಫಲಿತಾಂಶವನ್ನೂ ಈಗ ತಿರುಗಿಸಿ ಓದುವ ಆಸೆ: ಓಟ ಹೆಚ್ಚಿಸಿತೋ, ಪೆಟ್ಟಿಗೆ ಕಡಿಮೆ ಮಾಡಿತ್ತೋ?

ತೂಕದ ತಕರಾರೂ ಇದರದೇ ಬಾಲ. ಓಡಿದ ಗಂಡು ಇಲಿಗಳು ಓಡದವಕ್ಕಿಂತ ತೆಳ್ಳಗಿವೆ. ಹೃದಯದ ತೂಕವನ್ನು ಮೈತೂಕದಿಂದ ಭಾಗಿಸಿದರೆ, ಹೃದಯ ಒಂದು ಮಿಲಿಗ್ರಾಂ ಬೆಳೆಯದಿದ್ದರೂ ಬೆಳೆದಂತೆ ಕಾಣುತ್ತದೆ. ಅದಕ್ಕೇ ಕಣಕಾಲ ಮೂಳೆಯ (ಟಿಬಿಯಾ) ಉದ್ದದಿಂದ ಭಾಗಿಸುವುದು. ಕೂತು ತಿಂದರೂ ಓಡಿ ಬೆವೆತರೂ ಬಲಿತ ಇಲಿಯ ಮೂಳೆ ಅಷ್ಟಾಗಿ ಮೋಸ ಮಾಡುವುದಿಲ್ಲ. ಬೆವೆತರೂ ಅಂದೆ, ಇಲಿಗೆ ಬೆವರುವುದು ಗೊತ್ತಿಲ್ಲ, ಬಾಲದಿಂದ ಬಿಸಿ ಬಿಡುತ್ತದೆ.

ಏಳನೆಯವನನ್ನು ಲೆಕ್ಕದಿಂದ ಬಿಡೋಣವೇ ಎಂದು ಜೊತೆಯವಳು ಕೇಳಿದಳು. ಬೇಡ ಅಂದೆ. ಯಾರನ್ನು ಬಿಡಬೇಕೆಂದು ಶುರುವಿನಲ್ಲೇ ಬರೆದಿಟ್ಟಿದ್ದೇವೆ, ಆ ಗೆರೆಯ ಈಚೆಗೇ ಇದ್ದಾನೆ. ಚೆನ್ನಾಗಿ ಓಡಿದವರನ್ನಷ್ಟೇ ಉಳಿಸಿಕೊಂಡರೆ ಗ್ರಾಫ್ ಚೆಂದ ಬರುತ್ತದೆ, ಅಷ್ಟೇ.

ಅಂಗಾಂಶ ತೆಗೆಯುವುದು ಭಾನುವಾರ. ಕೊನೆಯ ಓಟದ ಬಿಸಿ ಆರಲು 48 ಗಂಟೆ ಬೇಕು, ಇಲ್ಲದಿದ್ದರೆ ಎಂಟು ವಾರದ ಫಲ ಯಾವುದು, ಇವತ್ತಿನ ಒಂದು ತಾಸಿನದು ಯಾವುದು ಎಂದು ಬಿಡಿಸಲಾಗದು. ಹಿಂಗಾಲಿನ ಮೀನಖಂಡದ ಸ್ನಾಯು ಸೋಲಿಯಸ್ ಮೊದಲು, ಆಮೇಲೆ ಹೃದಯ. ತೆಗೆದದ್ದನ್ನು ಕೂಡಲೇ ಹೆಪ್ಪುಗಟ್ಟಿಸಲು ಬೇಕಾದ ದ್ರವ ಸಾರಜನಕ ತುಂಬಿಸಲು ಇನ್ನೂ ಹೇಳಿಲ್ಲ.