‘ನಿವಾಸಿಗಳಿಗೆ ಮಾತ್ರ’ ಪಾರ್ಕಿನ ಗೇಟು: ಕೆಲಸ ಕಲಿಸಿದ್ದು

‘ಈ ಪಾರ್ಕು ಊರಿನ ನಿವಾಸಿಗಳಿಗೆ ಮಾತ್ರ’ ಅಂತ ಬೋರ್ಡು ಬರೆಸುವುದು ಸುಲಭ. ಆ ಒಂದು ಸಾಲನ್ನು ದಿನಕ್ಕೆ ನೂರಾರು ಸಲ, ಎದುರಿಗಿರುವವರ ಮುಖ ನೋಡಿಕೊಂಡು ಜಾರಿ ಮಾಡಬೇಕಾದವರು ಗೇಟಿನ ಗೂಡಿನಲ್ಲಿ ಕೂತವರು. ಅಮೆರಿಕದ ನಗರಗಳ ಇಂಥ ಪಾರ್ಕುಗಳಲ್ಲಿ ಗೇಟಿನ ಕೆಲಸ ಮಾಡುವವರಿಗೆ ಬರುವ ತಲೆನೋವುಗಳಲ್ಲಿ ಬಹುಪಾಲಿಗೆ ಬೇರು ಒಂದೇ. ಮನೆಯಲ್ಲೋ ದಾರಿಯಲ್ಲೋ ತೀರ್ಮಾನವಾಗಬೇಕಿದ್ದ ವಿಷಯ ಗೇಟಿನವರೆಗೂ ಬಂದು ಅಲ್ಲಿ ತೀರ್ಮಾನವಾಗುತ್ತದೆ, ಹಿಂದೆ ಹತ್ತು ಕಾರು ನಿಂತಿರುವಾಗ. ಹೊಸದಾಗಿ ಗೇಟಿಗೆ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದದ್ದು. ಪಾರ್ಕು ನೋಡಲು ಹೊರಟವರೂ ಓದಬಹುದು.

ಉದಾಹರಣೆಗೆ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ನಗರದ ಫುಟ್‌ಹಿಲ್ಸ್ ಪಾರ್ಕನ್ನೇ ತೆಗೆದುಕೊಳ್ಳೋಣ, ಏಕೆಂದರೆ ಈ ನಿಯಮದ ಹುಟ್ಟು, ಬಾಳಿಕೆ, ಕೊನೆ ಮೂರೂ ಅಲ್ಲಿ ಕಾಣುತ್ತವೆ. ಬೆಟ್ಟದ ಆ ಜಮೀನನ್ನು ನಗರ 1959ರಲ್ಲಿ ಡಾ. ರಸೆಲ್ ಲೀ ಅವರಿಂದ ಕೊಂಡಿತು. ಪಕ್ಕದ ಊರುಗಳು ದುಡ್ಡು ಹಾಕಲು ಮುಂದೆ ಬರಲಿಲ್ಲ. 1965ರಲ್ಲಿ ಪಾರ್ಕು ತೆರೆದಾಗ ‘ದುಡ್ಡು ಕೊಟ್ಟವರು ನಾವು, ಬರುವವರೂ ನಾವೇ’ ಎಂಬ ಲೆಕ್ಕ ನಿಂತಿತು. ಸುಮಾರು 1,400 ಎಕರೆ ಕಾಡು, ಹುಲ್ಲುಗಾವಲು, ಬೊರೊಂಡಾ ಎಂಬ ಕೆರೆ. ಹೊರಗಿನವರು ನುಗ್ಗಿದರೆ ಅದು ಬರೀ ದಂಡದ ಮಾತಲ್ಲ, ಕಾನೂನಿನ ಪ್ರಕಾರ ಅಪರಾಧವೇ ಆಗಿತ್ತು. 2020ರ ಸೆಪ್ಟೆಂಬರಿನಲ್ಲಿ ನಾಗರಿಕ ಹಕ್ಕುಗಳ ಸಂಘಟನೆಗಳೂ ಕೆಲವು ನಿವಾಸಿಗಳೂ ಸೇರಿ ಕೋರ್ಟಿಗೆ ಹೋದರು. ನಗರ ರಾಜಿಗೆ ಬಂದು ಅದೇ ವರ್ಷದ ಡಿಸೆಂಬರ್ 17ರಂದು ಪಾರ್ಕನ್ನು ಎಲ್ಲರಿಗೂ ತೆರೆಯಿತು. ಅಮೆರಿಕದಲ್ಲಿ ಇಂಥ ನಿಯಮ ಇನ್ನೂ ಉಳಿಸಿಕೊಂಡಿರುವ ಪಾರ್ಕುಗಳೂ ಕಡಲತೀರಗಳೂ ಅಲ್ಲಲ್ಲಿ ಇವೆ, ಆದ್ದರಿಂದ ಈ ಕೆಲಸ ಇನ್ನೂ ಮುಗಿದಿಲ್ಲ.

ಮೊದಲ ಪ್ರಶ್ನೆ: ನಿವಾಸಿ ಅಂದರೆ ಯಾರು? ಹೊಸಬರು ಎಡವುವುದು ಇಲ್ಲೇ. ಲಕೋಟೆಯ ಮೇಲೆ ಬರೆಯುವ ಊರಿನ ಹೆಸರಿಗೂ ನಗರದ ಗಡಿಗೂ ಸಂಬಂಧವಿಲ್ಲ. ಅಮೆರಿಕದಲ್ಲಿ ಅಂಚೆ ವಿಳಾಸದ ಊರಿನ ಹೆಸರು ಯಾವ ಅಂಚೆ ಕಚೇರಿಯಿಂದ ಪತ್ರ ಬಟವಾಡೆಯಾಗುತ್ತದೆ ಎಂಬುದನ್ನು ಹೇಳುತ್ತದೆ, ತೆರಿಗೆ ಯಾರಿಗೆ ಕಟ್ಟುತ್ತೀರಿ ಎಂಬುದನ್ನಲ್ಲ. ರಸ್ತೆಯ ಈ ಬದಿಯ ಮನೆ ನಗರದೊಳಗೆ, ಆ ಬದಿಯದು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ವ್ಯಾಪ್ತಿಯಲ್ಲಿ, ಎರಡಕ್ಕೂ ಪಿನ್‌ಕೋಡ್ ಒಂದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವಂತೂ ಪಾಲೊ ಆಲ್ಟೊಗೆ ಅಂಟಿಕೊಂಡೇ ಇದೆ, ಆದರೆ ಅದರ ಕ್ಯಾಂಪಸ್ ನಗರದ ಗಡಿಯೊಳಗಿಲ್ಲ. ಕ್ಯಾಂಪಸ್ಸಿನಲ್ಲಿ ನಾಲ್ಕು ವರ್ಷ ವಾಸವಿದ್ದವರೂ ಹಳೆಯ ನಿಯಮದ ಪ್ರಕಾರ ಹೊರಗಿನವರೇ. ಇದನ್ನು ಗೂಡಿನಲ್ಲಿ ಕೂತು ಬಾಯಲ್ಲಿ ವಿವರಿಸಿ ಒಪ್ಪಿಸಲು ಆಗುವುದಿಲ್ಲ. ಗಡಿ ಎಲ್ಲಿ ಹಾದುಹೋಗುತ್ತದೋ ಆ ಬೀದಿಗಳ ಪಟ್ಟಿ, ಮನೆ ನಂಬರಿನ ಸಮೇತ, ಅಕ್ಷರಮಾಲೆಯ ಕ್ರಮದಲ್ಲಿ ಒಂದೇ ಹಾಳೆಯಲ್ಲಿ ಲ್ಯಾಮಿನೇಟ್ ಮಾಡಿ ಕಿಟಕಿಯ ಪಕ್ಕ ನೇತುಹಾಕಿ. ನಕಾಶೆ ಬೇಡ. ನಕಾಶೆ ಬಿಚ್ಚಿದರೆ ಕಾರಿನವರೂ ತಲೆ ಹೊರಗೆ ಹಾಕಿ ತಮ್ಮ ಮನೆ ಹುಡುಕಲು ಶುರುಮಾಡುತ್ತಾರೆ, ಎರಡು ನಿಮಿಷ ಹೋಯಿತು.

ಎರಡನೆಯದು ದಾಖಲೆ. ಎಲ್ಲರೂ ಮೊದಲು ಚಾಚುವುದು ಡ್ರೈವಿಂಗ್ ಲೈಸೆನ್ಸು, ಮತ್ತು ಅದರಲ್ಲಿರುವ ವಿಳಾಸ ಹಳೆಯದಾಗಿರುವುದು ತೀರಾ ಸಾಮಾನ್ಯ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬದಲಿಸಿದವರು 10 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು, ಆದರೆ ತಿಳಿಸಿದ ಮಾತ್ರಕ್ಕೆ ಹೊಸ ಕಾರ್ಡು ಬರುವುದಿಲ್ಲ. ಅಂದರೆ ಕಾನೂನು ಚಾಚೂ ತಪ್ಪದೆ ಪಾಲಿಸಿದವರ ಕೈಯಲ್ಲೂ ಹಳೆಯ ಊರಿನ ಕಾರ್ಡೇ ಇರುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು: ಊರು ಬಿಟ್ಟು ಮೂರು ವರ್ಷವಾದವರ ಕಾರ್ಡಿನಲ್ಲಿ ಊರಿನ ವಿಳಾಸ ಹಾಗೇ ಕೂತಿರುತ್ತದೆ. ಹಾಗಾಗಿ ಲೈಸೆನ್ಸ್ ಒಂದನ್ನೇ ನಂಬುವ ನಿಯಮ ಎರಡೂ ಕಡೆ ತಪ್ಪು ಮಾಡುತ್ತದೆ. ಲೈಸೆನ್ಸ್ ಅಥವಾ ಕಳೆದ 60 ದಿನದೊಳಗಿನ ನೀರು, ವಿದ್ಯುತ್ ಬಿಲ್ಲು ಅಥವಾ ಚಾಲ್ತಿಯಲ್ಲಿರುವ ಬಾಡಿಗೆ ಕರಾರು, ಇವುಗಳಲ್ಲಿ ಯಾವುದಾದರೂ ಒಂದು, ಮೊಬೈಲ್ ಪರದೆಯ ಮೇಲೆ ತೋರಿಸಿದರೂ ಸಾಕು ಎಂದು ಇಟ್ಟುಕೊಂಡರೆ ಕೆಲಸ ನಡೆಯುತ್ತದೆ. ಬಾಡಿಗೆದಾರರನ್ನು ಮರೆತು ಬರೀ ಆಸ್ತಿ ತೆರಿಗೆ ರಸೀದಿ ಕೇಳುವ ನಿಯಮ ಮಾಡಬೇಡಿ. ಅದು ಮಾಲೀಕತ್ವ ತೋರಿಸುತ್ತದೆ, ವಾಸವನ್ನಲ್ಲ. ಮನೆ ಇಲ್ಲಿದ್ದು ತಾವು ಬೇರೆ ಊರಿನಲ್ಲಿರುವವರು, ಇಲ್ಲಿ ಕೆಲಸ ಮಾಡಿ ಅಲ್ಲಿ ಮಲಗುವವರು, ಮಕ್ಕಳನ್ನು ವಾರಕ್ಕೊಮ್ಮೆ ಕರೆದುಕೊಂಡು ಬರುವ ಅಜ್ಜ ಅಜ್ಜಿ — ಈ ಮೂವರ ಬಗ್ಗೆ ನಿಯಮ ಏನು ಹೇಳುತ್ತದೆ ಎಂದು ಮೇಲಿನವರಿಂದ ಬರಹದಲ್ಲಿ ತೆಗೆದುಕೊಳ್ಳದೆ ಗೂಡಿನಲ್ಲಿ ಕೂರಬೇಡಿ.

ಕಾರ್ಡು ನೋಡುವುದಕ್ಕೂ ಒಂದು ರೀತಿ ಇದೆ. ಬಹಳ ಜನ ಪರ್ಸಿನ ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಂದಿನಿಂದಲೇ ತೋರಿಸುತ್ತಾರೆ. ಅದಕ್ಕೆ ಬೆಳಕು ಬಿದ್ದು ಬಿಳಿ ಕಾಣುತ್ತದೆಯೇ ಹೊರತು ಅಕ್ಷರ ಕಾಣುವುದಿಲ್ಲ. ಕಾರ್ಡನ್ನು ಕಿತ್ತುಕೊಳ್ಳುವಂತೆ ಕೈ ಚಾಚಬೇಡಿ. “ಸ್ವಲ್ಪ ಹೊರಗೆ ತೆಗೆದು ತೋರಿಸ್ತೀರಾ, ನಿಮ್ಮ ಕೈಯಲ್ಲೇ ಇರಲಿ” ಅಂದರೆ ಸಾಕು. ನಂಬರು, ಜನ್ಮದಿನಾಂಕದ ಮೇಲೆ ಹೆಬ್ಬೆರಳು ಇಟ್ಟುಕೊಂಡು ತೋರಿಸಿದರೂ ಅಡ್ಡಿಯಿಲ್ಲ, ನಮಗೆ ಬೇಕಾದದ್ದು ವಿಳಾಸದ ಎರಡು ಸಾಲು ಮಾತ್ರ. ವಿಳಾಸವನ್ನು ಗಟ್ಟಿಯಾಗಿ ಓದಬಾರದು, ಫೋಟೊ ತೆಗೆಯಬಾರದು, ಎಲ್ಲೂ ಬರೆದಿಟ್ಟುಕೊಳ್ಳಬಾರದು. ಒಂದು ಸಲ ಬರೆದಿಟ್ಟ ಪಟ್ಟಿಯನ್ನು ಯಾರು ಎಲ್ಲಿಗೆ ಒಯ್ಯುತ್ತಾರೆ ಎಂಬುದು ಆಮೇಲೆ ನಿಮ್ಮ ಕೈಯಲ್ಲಿರುವುದಿಲ್ಲ.

ಇನ್ನು ಕೇಳುವುದು ಯಾರನ್ನು? ಎಲ್ಲರನ್ನೂ, ಇಲ್ಲವೇ ಎಣಿಸಿ ಪ್ರತಿ ಐದನೆಯ ಕಾರನ್ನು. ಮೂರನೆಯ ದಾರಿ ಇಲ್ಲ. ‘ಪರಿಚಯದ ಮುಖ, ಬಿಡೋಣ’ ಎನ್ನುವ ಅಭ್ಯಾಸ ಒಳ್ಳೆಯತನದಂತೆ ಕಾಣುತ್ತದೆ. ಆದರೆ ಪರಿಚಯದ ಮುಖಗಳೆಲ್ಲ ಒಂದೇ ಬಣ್ಣದವು, ಒಂದೇ ಬಗೆಯ ಕಾರಿನವು ಆಗಿರುವ ಊರಿನಲ್ಲಿ, ನಿಲ್ಲಿಸಿ ಕೇಳಿಸಿಕೊಂಡವರು ಯಾರು ಎಂದು ಸಂಜೆ ಲೆಕ್ಕ ಹಾಕಿದರೆ ಉತ್ತರ ಮುಜುಗರ ತರುತ್ತದೆ. ಪಾಲೊ ಆಲ್ಟೊ ಮೊಕದ್ದಮೆಯ ವಾದವೂ ಗೇಟಿನಲ್ಲೇ ನಿಲ್ಲಲಿಲ್ಲ. ಆ ಊರಿನಲ್ಲಿ ಮನೆ ಮಾಡಲು ಹಿಂದೆ ಯಾರಿಗೆ ಅವಕಾಶ ಕೊಟ್ಟಿರಲಿಲ್ಲ ಎಂಬಲ್ಲಿಗೆ ಹೋಯಿತು. ಆ ಇತಿಹಾಸವನ್ನು ಗೂಡಿನವರು ಸರಿಪಡಿಸಲಾರರು, ಆದರೆ ಅದನ್ನು ಪ್ರತಿದಿನ ಹೊಸದಾಗಿ ಮಾಡದೆ ಇರಬಹುದು.

ಈಗ ಸಾಲಿನ ಗಣಿತ. ಒಂದು ಕಾರಿಗೆ 45 ಸೆಕೆಂಡು ಹಿಡಿದರೆ ಗಂಟೆಗೆ 80 ಕಾರು ಒಳಗೆ ಹೋಗುತ್ತವೆ. ಭಾನುವಾರ ಹತ್ತೂವರೆಗೆ ಗಂಟೆಗೆ 120ರ ವೇಗದಲ್ಲಿ ಬಂದವು ಎನ್ನಿ, ಒಂದು ಗಂಟೆಯಲ್ಲಿ 40 ಕಾರು ಹಿಂದೆ ಉಳಿದವು. ನಡುವಿನ ಜಾಗ ಸೇರಿಸಿ ಕಾರಿಗೆ 7 ಮೀಟರ್ ಹಿಡಿದರೆ 280 ಮೀಟರ್ ಸಾಲು. ಫುಟ್‌ಹಿಲ್ಸ್‌ಗೆ ಹೋಗುವ ಪೇಜ್ ಮಿಲ್ ರಸ್ತೆಯಂಥ ಅಂಕುಡೊಂಕು ಬೆಟ್ಟದ ದಾರಿಯಲ್ಲಿ, ಸೈಕಲ್ ಸವಾರರು ಓಡಾಡುವಲ್ಲಿ, ತಿರುವಿನಾಚೆ ನಿಂತ ಕಾರು ಅಂದರೆ ಅಪಘಾತಕ್ಕೆ ಆಹ್ವಾನ. ಅದೇ ತಪಾಸಣೆ 20 ಸೆಕೆಂಡಿಗೆ ಇಳಿದರೆ ಗಂಟೆಗೆ 180 ಕಾರು, ಸಾಲೇ ಇಲ್ಲ. ಆ 25 ಸೆಕೆಂಡು ಹೋಗುವುದು ಕಾರ್ಡು ನೋಡುವುದರಲ್ಲಲ್ಲ, ಕಾರ್ಡು ಹುಡುಕುವುದರಲ್ಲಿ. ಗೇಟಿಗೆ 50 ಮೀಟರ್ ಮುಂಚೆ ‘ವಿಳಾಸದ ದಾಖಲೆ ಕೈಯಲ್ಲಿ ಹಿಡಿದಿರಿ’ ಎಂದು ದೊಡ್ಡ ಅಕ್ಷರದ ಒಂದು ಫಲಕ ಹಾಕಿ. ಗೂಡಿಗೆ ಇನ್ನೊಬ್ಬರನ್ನು ಕೂರಿಸುವುದಕ್ಕಿಂತ ಅದು ಹೆಚ್ಚು ಉಪಕಾರ ಮಾಡುತ್ತದೆ.

ಆದರೆ ನಿಜವಾದ ಫಲಕ ಇರಬೇಕಾದದ್ದು ಗೇಟಿನಲ್ಲಿ ಅಲ್ಲವೇ ಅಲ್ಲ. ಕಾರು ಸಲೀಸಾಗಿ ತಿರುಗಿಸಿಕೊಳ್ಳಬಹುದಾದ ಕೊನೆಯ ಜಾಗಕ್ಕಿಂತ ಮುಂಚೆ, ಸಾಧ್ಯವಾದರೆ ಬೆಟ್ಟ ಹತ್ತುವ ಮೊದಲೇ. ಮಾಮೂಲಿ ಕಾರು ಒಂದೇ ಸುತ್ತಿಗೆ ತಿರುಗಲು ಸುಮಾರು 11–12 ಮೀಟರ್ ಅಗಲ ಬೇಕು. ಎರಡು ಲೇನಿನ ಬೆಟ್ಟದ ರಸ್ತೆ ಇರುವುದು 6–7 ಮೀಟರ್. ಹಾಗಾಗಿ ವಾಪಸ್ ಕಳುಹಿಸಿದ ಕಾರು ಹಿಂದೆ ಮುಂದೆ ಮಾಡಿಕೊಂಡೇ ತಿರುಗಬೇಕು, ಬೆನ್ನಿಗೆ ಸಾಲು ನಿಂತಿದ್ದರೆ ಅದೂ ಆಗದು. ಅಂಥ ಕಡೆ ಹಟ ಹಿಡಿಯದೆ ಒಳಗೆ ಬಿಟ್ಟು, ಗೂಡಿನಾಚೆಯ ವೃತ್ತದಲ್ಲಿ ತಿರುಗಿಸಿಕೊಂಡು ಹೊರಗೆ ಹೋಗಲು ಹೇಳಿ. ‘ಒಳಗೆ ಬಿಟ್ಟರೆ ಅಲ್ಲೇ ಉಳಿದುಬಿಡುತ್ತಾರೆ’ ಎಂಬ ಭಯಕ್ಕೆ ಔಷಧ ಸರಳ: ವೃತ್ತ ಗೂಡಿನಿಂದ ಕಣ್ಣಿಗೆ ಬೀಳುವಂತಿರಬೇಕು.

ವಾಪಸ್ ಕಳುಹಿಸುವ ಮಾತು ಮೂರು ವಾಕ್ಯ, ನಾಲ್ಕನೆಯದು ಜಗಳಕ್ಕೆ ದಾರಿ. ನಿಯಮ ಏನು, ಬದಲಿಗೆ ಎಲ್ಲಿಗೆ ಹೋಗಬಹುದು, ಕಾರು ಎಲ್ಲಿ ತಿರುಗಿಸಬೇಕು. “ಈ ಪಾರ್ಕು ಊರಿನ ನಿವಾಸಿಗಳಿಗೆ ಮಾತ್ರ ಸರ್. ಕೆಳಗಡೆ ಅರಾಸ್ಟ್ರಡೆರೊ ಇದೆ, ಅದು ಎಲ್ಲರಿಗೂ ತೆರೆದಿದೆ. ಮುಂದಿನ ವೃತ್ತದಲ್ಲಿ ತಿರುಗಿಸಿಕೊಳ್ಳಿ.” ನಡುವಿನ ವಾಕ್ಯವೇ ಮುಖ್ಯ. ಮಕ್ಕಳು, ಬುತ್ತಿ ಸಮೇತ ಬಂದವರಿಗೆ ‘ಇಲ್ಲ’ ಎನ್ನುವುದಕ್ಕೂ ‘ಅಲ್ಲಿಗೆ ಹೋಗಿ’ ಎನ್ನುವುದಕ್ಕೂ ಅಜಗಜಾಂತರ. ಪಾಲೊ ಆಲ್ಟೊದ್ದೇ ಆಸ್ತಿಯಾದ ಪಿಯರ್‌ಸನ್–ಅರಾಸ್ಟ್ರಡೆರೊ ಕಾದಿಟ್ಟ ಪ್ರದೇಶ 622 ಎಕರೆ ಇದೆ, ಅದಕ್ಕೆ ಈ ನಿರ್ಬಂಧ ಇರಲಿಲ್ಲ. ನಿಯಮದ ಸರಿ ತಪ್ಪು ಚರ್ಚಿಸಲು ಕರೆದರೆ ನಗರಸಭೆಯ ದೂರವಾಣಿ ಸಂಖ್ಯೆ ಇರುವ ಚೀಟಿ ಕೊಡಿ. ಗೂಡು ಅದಕ್ಕೆ ಜಾಗವಲ್ಲ.

ಅತಿಥಿಗಳ ವಿಷಯ ಬೇಗ ಮುಗಿಸಬಹುದು: ನಿವಾಸಿ ಅದೇ ಕಾರಿನಲ್ಲಿರಬೇಕು. ‘ಹಿಂದಿನ ಮೂರು ಕಾರೂ ನಮ್ಮವೇ’ ಎಂದರೆ ಎಷ್ಟು ಕಾರಿಗೆ ಅವಕಾಶ ಎಂದು ಬರಹದಲ್ಲಿರುವ ಅಂಕಿ ತೋರಿಸಿ, ಉಳಿದವು ಕಾಯಲಿ.

ಒಂದೇ ಹೊತ್ತಿಗೆ ಒಳಗಿರಬಹುದಾದ ಜನರಿಗೆ ಮಿತಿ ಇರುವ ಕಡೆ ಎಣಿಕೆಯೇ ಅರ್ಧ ಕೆಲಸ. ಒತ್ತಿದಂತೆ ಒಂದೊಂದೇ ಅಂಕಿ ಏರುವ ಕೈ ಎಣಿಕೆಯಂತ್ರ, ಅಂದರೆ ಕ್ಲಿಕ್ಕರ್, ಎರಡು ಇಟ್ಟುಕೊಳ್ಳಿ, ಒಳಗೆ ಬಂದವರಿಗೆ ಒಂದು, ಹೊರಗೆ ಹೋದವರಿಗೆ ಒಂದು. ಒಂದಕ್ಕೆ ಬಣ್ಣದ ಟೇಪು ಸುತ್ತಿ, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕೈ ತಪ್ಪುತ್ತದೆ. ಒತ್ತಬೇಕಾದದ್ದು ತಲೆಗೆ ಒಂದರಂತೆ, ಕಾರಿಗಲ್ಲ. ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ವಾಲುತ್ತದೆ. ಒಳಗೆ ಬರುವ ಕಾರು ನಿಲ್ಲುತ್ತದೆ, ಹೊರಗೆ ಹೋಗುವುದು ನಿಲ್ಲುವುದಿಲ್ಲ. ಹಾಗಾಗಿ ತಪ್ಪಿಹೋಗುವುದೆಲ್ಲ ಹೊರಗಿನ ಲೆಕ್ಕ. ಹತ್ತು ನಿಮಿಷಕ್ಕೆ ಒಂದು ಕಾರು ತಪ್ಪಿದರೂ, ಕಾರಿಗೆ ಎರಡೂವರೆ ಜನ ಎಂದರೆ, ಆರು ಗಂಟೆಯಲ್ಲಿ 90 ಜನ. ಒಳಗೆ 310 ಜನ ಇರುವಾಗ ನಿಮ್ಮ ಲೆಕ್ಕ 400 ತೋರಿಸುತ್ತದೆ, ಗೇಟು ಮುಚ್ಚುತ್ತೀರಿ, ಹೊರಗೆ ನಿಂತವರಿಗೆ ಮಾತ್ರ ಒಳಗಿನ ಪಾರ್ಕಿಂಗ್ ಖಾಲಿ ಕಾಣುತ್ತದೆ. ಇದಕ್ಕೆ 11 ಗಂಟೆಗೂ 2 ಗಂಟೆಗೂ ಒಬ್ಬರು ಪಾರ್ಕಿಂಗ್ ಜಾಗಗಳನ್ನೆಲ್ಲ ಸುತ್ತಿ ನಿಂತ ಕಾರು ಎಣಿಸಬೇಕು. ಆ ದಿನದ ಮೊದಲ 50 ಕಾರುಗಳ ಸರಾಸರಿ ತಲೆ ಎಷ್ಟೋ ಅದರಿಂದ ಗುಣಿಸಿ ಕ್ಲಿಕ್ಕರ್ ಲೆಕ್ಕ ತಿದ್ದಬೇಕು. ನಿನ್ನೆಯ ಸರಾಸರಿ ಬಳಸಬೇಡಿ. ವಾರದ ದಿನ ಒಬ್ಬೊಬ್ಬರೇ ಬರುತ್ತಾರೆ, ರಜೆಯ ದಿನ ಸಂಸಾರವೇ ಬರುತ್ತದೆ.

ಮಿತಿ ಮುಟ್ಟಿತು, ಮುಚ್ಚಿದಿರಿ. ಒಂದು ಕಾರು ಹೊರಗೆ ಹೋದ ತಕ್ಷಣ ಒಂದನ್ನು ಬಿಡುವುದು ನ್ಯಾಯವೆನಿಸುತ್ತದೆ, ಆದರೆ ಹಾಗೆ ಮಾಡಿದರೆ ಸಾಲು ಕರಗುವುದೇ ಇಲ್ಲ, ಆಸೆಯಿಂದ ಇನ್ನಷ್ಟು ಜನ ಸೇರಿಕೊಳ್ಳುತ್ತಾರೆ. 400ಕ್ಕೆ ಮುಚ್ಚಿದರೆ 350ಕ್ಕೆ ಇಳಿದ ಮೇಲೆ ತೆರೆಯಿರಿ, ಅಷ್ಟರವರೆಗೆ ‘ಸುಮಾರು ಒಂದು ಗಂಟೆ’ ಎಂದು ಖಚಿತವಾಗಿ ಹೇಳಿ ಕಳುಹಿಸಿ.

ಕಾಲುದಾರಿಗಳನ್ನು ಮರೆಯುವುದು ಸಾಮಾನ್ಯ. ಫುಟ್‌ಹಿಲ್ಸ್‌ಗೆ ಮುಖ್ಯ ಗೇಟಿನಲ್ಲಿ ನಿರ್ಬಂಧ ಇದ್ದ ಕಾಲದಲ್ಲೂ ಅರಾಸ್ಟ್ರಡೆರೊ ಕಡೆಯಿಂದ ಬರುವ ಚಾರಣದ ದಾರಿಯಲ್ಲಿ ಹೊರಗಿನವರು ನಡೆದು ಬರಬಹುದಿತ್ತು. ಕಾಲ್ನಡಿಗೆಯವರು ಕ್ಲಿಕ್ಕರ್ ಲೆಕ್ಕದಲ್ಲಿ ಇರುವುದಿಲ್ಲ. ಬೆಂಕಿ ಬಿದ್ದು ಎಲ್ಲರನ್ನೂ ಹೊರಗೆ ಕಳುಹಿಸುವ ದಿನ ಗೇಟಿನ ಅಂಕಿಯೊಂದನ್ನೇ ನೋಡಿ ‘ಎಲ್ಲರೂ ಹೊರಟರು’ ಎಂದರೆ ಕಾಡಿನೊಳಗೆ ಯಾರೋ ಉಳಿದಿರುತ್ತಾರೆ.

ನೋಡಲು ಬರುವವರಿಗೆ ಎರಡು ಮಾತು. ನಾಯಿಯನ್ನು ಕರೆತರುವ ಮುನ್ನ ವಾರ ನೋಡಿ, ಫುಟ್‌ಹಿಲ್ಸ್‌ನಲ್ಲಿ ವಾರಾಂತ್ಯಕ್ಕೂ ರಜೆಗೂ ನಾಯಿಗೆ ಪ್ರವೇಶವಿಲ್ಲ, ಉಳಿದ ದಿನ ಹಗ್ಗ ಕಟ್ಟಿರಬೇಕು. ಬೊರೊಂಡಾ ಕೆರೆಯಲ್ಲಿ ಮೋಟರಿಲ್ಲದ ದೋಣಿಗೆ ಅಡ್ಡಿಯಿಲ್ಲ, ಈಜುವಂತಿಲ್ಲ. ದಾರಿಯಂಚಿನಲ್ಲಿ ಮೂರು ಮೂರು ಎಲೆ ಗುಂಪಾಗಿರುವ ಪಾಯ್ಸನ್ ಓಕ್ ಗಿಡ ಮುಟ್ಟಿದರೆ ಅದರ ಎಣ್ಣೆಯಿಂದ ತುರಿಕೆ ಗುಳ್ಳೆ ಏಳುತ್ತವೆ. ಬೇಗನೆ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ.

ಇನ್ನೊಂದು ವಿಷಯ ಗೂಡಿಗಿಂತ ಮೇಲಿನವರಿಗೆ. ‘ನಮ್ಮವರಿಗೆ ಮಾತ್ರ’ ಎಂದು ಯಾವ ಊರು ಬೇಕಾದರೂ ಹೇಳಲು ಬರುವುದಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿಯಿಂದ ಪಾರ್ಕಿಗೆ ದುಡ್ಡು ಪಡೆದಿದ್ದರೆ ಹೊರಗಿನವರನ್ನು ತಡೆಯುವಂತಿಲ್ಲ. ಶುಲ್ಕದಲ್ಲಿ ವ್ಯತ್ಯಾಸ ಇಡಬಹುದು, ಅದೂ ನಿವಾಸಿಗಳಿಗಿರುವ ಶುಲ್ಕದ ಎರಡು ಪಟ್ಟು ಮೀರದಂತೆ. ಕನೆಕ್ಟಿಕಟ್ ರಾಜ್ಯದ ಗ್ರೀನಿಚ್ ಪಟ್ಟಣ ತನ್ನ ಕಡಲತೀರದ ಪಾರ್ಕನ್ನು ನಿವಾಸಿಗಳಿಗೆ ಮೀಸಲಿಟ್ಟಿತ್ತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ, ಸಾರ್ವಜನಿಕ ಪಾರ್ಕು ಮಾತು ಅಭಿಪ್ರಾಯಗಳಿಗೂ ವೇದಿಕೆ, ಹೊರಗಿನವರನ್ನು ಹೀಗೆ ಪೂರ್ತಿ ತಡೆಯುವುದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದಿತು. ಆಮೇಲೆ ಅಲ್ಲಿ ಹೊರಗಿನವರಿಗೆ ದಿನದ ಪಾಸು ಬಂತು. ಪಾಲೊ ಆಲ್ಟೊದಲ್ಲೂ ಗೇಟು ತೆರೆದ ಮೇಲೆ ಜನ ಮುಗಿಬಿದ್ದು, 2021ರಲ್ಲಿ ಕಾರಿಗೆ 6 ಡಾಲರ್ ಶುಲ್ಕ ಬಂತು. ತಪಾಸಣೆ ಹೋಯಿತು, ಕ್ಲಿಕ್ಕರ್ ಹೋಗಲಿಲ್ಲ.

ಪಾಳಿ ಮುಗಿಸುವಾಗ ಬರೆದಿಡಬೇಕಾದದ್ದು ಐದು ಅಂಕಿ: ಒಳಗೆ ಬಂದವರು, ಹೊರಗೆ ಹೋದವರು, ಎರಡು ಹೊತ್ತಿನ ಪಾರ್ಕಿಂಗ್ ಎಣಿಕೆ, ವಾಪಸ್ ಕಳುಹಿಸಿದ ಕಾರುಗಳು. ಕೊನೆಯದನ್ನು ಎರಡು ಕಾಲಂ ಮಾಡಿ, ‘ಹೊರಗಿನವರು’ ಮತ್ತು ‘ಊರಿನವರು, ದಾಖಲೆ ಇಲ್ಲ’. ಎರಡನೆಯ ಕಾಲಂ ವಾರದಿಂದ ವಾರಕ್ಕೆ ಉದ್ದವಾಗುತ್ತಿದ್ದರೆ ಕೆಡುಕು ಬಂದವರಲ್ಲಿಲ್ಲ, ಬೆಟ್ಟದ ಬುಡದ ಫಲಕವನ್ನು ಯಾರಿಗೂ ಓದಲಾಗುತ್ತಿಲ್ಲ. ಒಮ್ಮೆ ನೀವೇ ಕಾರಿನಲ್ಲಿ ಕೂತು, ದಾರಿಯ ವೇಗದಲ್ಲೇ ಹೋಗುತ್ತಾ ಅದನ್ನು ಓದಿ ನೋಡಿ.